ಐಸ್ ಹಾಕಿಗಾಗಿ ಕೆನಡಾ ಬಿಟ್ಟವರು

ನಮ್ಮ ಮನೆಯ ಬಚ್ಚಲಲ್ಲಿ, ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ಒಂದು ಸ್ಟೀಲ್ ಲೋಟ ಇದೆ. ಅದರ ನೀರಿನಲ್ಲಿ ಮೂರು ಹಲ್ಲಿನ ಒಂದು ಸೆಟ್ಟು ಮುಳುಗಿ ಕೂತಿರುತ್ತದೆ. ಬಂದ ನೆಂಟರು ಕೈ ತೊಳೆಯಲು ಹೋಗಿ ಅದನ್ನು ನೋಡಿ, ಹೊರಗೆ ಬಂದು, ನಮ್ಮವರ ಕಡೆ ಕನಿಕರದಿಂದ ನೋಡುತ್ತಾರೆ. ಉಪ್ಪಿಟ್ಟನ್ನು ಇನ್ನಷ್ಟು ಮೆತ್ತಗೆ ಮಾಡಬಾರದೇ ಎಂದು ಒಬ್ಬರು ನನಗೆ ಬುದ್ಧಿವಾದ ಹೇಳಿದ್ದೂ ಉಂಟು. ನಮ್ಮವರಿಗೆ ಅರವತ್ತು ಹತ್ತಿರವಾದರೂ ಕೋಡುಬಳೆಯನ್ನು ಕಟಕಟ ಕಡಿಯುತ್ತಾರೆ, ಒಂದು ಹಲ್ಲೂ ಅಲ್ಲಾಡಿಲ್ಲ. ಲೋಟದಲ್ಲಿರುವುದು ಮಗನದು. ಮಗನಿಗೆ ಮೂವತ್ತೆರಡು.

ಅವನ ನಿಜವಾದ ಹಲ್ಲುಗಳಲ್ಲಿ ಒಂದು ಸ್ಲೊವಾಕಿಯಾದ ಒಂದು ಗಣಿ ಊರಿನಲ್ಲಿ ಬಿತ್ತು, ಎರಡು ಪೋಲೆಂಡಿನಲ್ಲಿ. ನಾವು ಮೈಸೂರಿನಲ್ಲಿ ಚಿಕ್ಕವರಾಗಿದ್ದಾಗ ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುತ್ತಿದ್ದೆವು. ಇವನ ಹಾಲುಹಲ್ಲು ಬಿದ್ದಾಗ ಕುವೈತಿನ ಫರ್ವಾನಿಯಾದಲ್ಲಿ, ನಾಲ್ಕನೇ ಮಹಡಿಯ ಮನೆಯಲ್ಲಿ, ಸಗಣಿ ಎಲ್ಲಿಂದ ತರಲಿ? ಗೋಧಿಹಿಟ್ಟಿನ ಉಂಡೆಯಲ್ಲಿಟ್ಟು ಬಾಲ್ಕನಿಯಿಂದ ಎದುರು ಕಟ್ಟಡದ ಏಸಿ ಡಬ್ಬದ ಮೇಲೆ ಎಸೆಯಿಸಿದ್ದೆ. ಆ ಶಾಸ್ತ್ರಕ್ಕೂ ಹಲ್ಲು ಬಂದವು, ಸಾಲಾಗಿ, ಅಕ್ಕಿಕಾಳಿನ ಹಾಗೆ. ಅವನ್ನು ಕಾಪಾಡಲು ವಾರಕ್ಕೊಂದೇ ಚಾಕೊಲೇಟ್ ಎಂದು ನಾನು ಮಾಡಿದ್ದ ಕಾನೂನನ್ನು ನೆನೆದರೆ ಈಗ ನಗು ಬರುತ್ತದೆ. ಒಳ್ಳೆಯ ನಗುವಲ್ಲ.

ಮಗ ಸುಹಾಸ ಐಸ್ ಹಾಕಿ ಆಟಗಾರ, ಸಂಬಳಕ್ಕೆ ಆಡುವವನು, ಅದರಲ್ಲೂ ಡಿಫೆನ್ಸ್‌ಮನ್. ನಿಮಗೆ ಈ ಆಟ ಗೊತ್ತಿಲ್ಲದಿದ್ದರೆ ನಾಚಿಕೊಳ್ಳಬೇಡಿ, ನನಗೂ ಗೊತ್ತಿರಲಿಲ್ಲ. ಮುಂದಿನವರು ಗೋಲು ಹೊಡೆಯಲು ಓಡುತ್ತಾರೆ. ಹಿಂದೆ ಇಬ್ಬರು ಜೋಡಿಯಾಗಿ ನಿಂತು ತಮ್ಮ ಗೋಲಿನ ಕಡೆ ಬರುವವರನ್ನು ತಡೆಯಬೇಕು. ತಡೆಯುವುದೆಂದರೆ ಕೈ ಅಡ್ಡ ಹಿಡಿದು ದಯವಿಟ್ಟು ಎನ್ನುವುದಲ್ಲ, ಹೆಗಲು ಕೊಟ್ಟು ಗೋಡೆಗೆ ಒತ್ತುವುದು. ಚೆಂಡಿನ ಬದಲು ಇರುವ ಗಟ್ಟಿ ರಬ್ಬರಿನ ಬಿಲ್ಲೆ ಕಾರಿನ ವೇಗದಲ್ಲಿ ಬರುವಾಗ ಬುದ್ಧಿಯಿರುವ ಪ್ರಾಣಿ ಪಕ್ಕಕ್ಕೆ ಸರಿಯುತ್ತದೆ. ಇವನು ಅದಕ್ಕೆ ಅಡ್ಡ ಮಲಗುತ್ತಾನೆ. ಚೆನ್ನಾಗಿ ಆಡಿದ ದಿನ ಯಾರೂ ಅವನ ಹೆಸರೆತ್ತುವುದಿಲ್ಲ, ಏಕೆಂದರೆ ಏನೂ ಆಗಿರುವುದಿಲ್ಲ. ತಪ್ಪಿದ ದಿನ ಇಡೀ ಊರಿಗೆ ಅವನ ಹೆಸರು ಬಾಯಿಪಾಠವಾಗುತ್ತದೆ. ಮೂವತ್ತೈದು ವರ್ಷ ಸಾರಿಗೆ ಉಪ್ಪು ಹಾಕಿದವಳಾದ್ದರಿಂದ ಇದನ್ನು ನನಗೆ ಯಾರೂ ವಿವರಿಸಬೇಕಾಗಲಿಲ್ಲ.

ಇದೆಲ್ಲ ಶುರುವಾದದ್ದು ಸೆಕೆಯಿಂದ. ಒಂದು ಆಗಸ್ಟಿನಲ್ಲಿ ನಮ್ಮ ಮನೆಯ ಏಸಿ ಕೆಟ್ಟಿತು. ರಿಪೇರಿಯವನು ನಾಳೆ ಬರುತ್ತೇನೆ ಎಂದು ಹೇಳಿ ದಿನ ತಳ್ಳುತ್ತಿದ್ದ. ಶುಕ್ರವಾರ ತಂಪಾಗಿ ಕೂರಲು ಒಂದು ಜಾಗ ಬೇಕೆಂದು ಐಸ್ ರಿಂಕಿಗೆ ಹೋದೆವು, ನಮ್ಮೂರಿನಲ್ಲಿ ಜನ ಸಂಜೆ ಪಾರ್ಕಿಗೆ ಹೋಗುವ ಹಾಗೆ. ಊಟಿಗೆ ಹೋದಾಗ ಕೊಂಡಿದ್ದ ಮಂಕಿ ಕ್ಯಾಪು, ಸ್ವೆಟರು, ಅದರ ಮೇಲೊಂದು ಶಾಲು ಹಾಕಿಕೊಂಡು ನಾನು ಬೆಂಚಿನ ಮೇಲೆ ಕೂತೆ. ಹೊರಗೆ ಕಾರಿನ ಸೀಟ್ ಬೆಲ್ಟಿನ ಕೊಕ್ಕೆ ಮುಟ್ಟಿದರೆ ಬೊಬ್ಬೆ ಬರುವ ಬಿಸಿಲು. ಆ ವೇಷದಲ್ಲೇ ಪಾರ್ಕಿಂಗ್ ದಾಟಿ ಬಂದ ನನ್ನನ್ನು ನೋಡಿ ಬಾಗಿಲಿನ ಕಾವಲುಗಾರ ಮರುಗಿದ್ದಿರಬೇಕು. ಆರು ವರ್ಷದ ಸುಹಾಸ ಗೋಡೆ ಹಿಡಿದು ಹಿಡಿದು ಜಾರುತ್ತಿದ್ದವನು ಒಂದು ಸುತ್ತಿನಲ್ಲಿ ಗೋಡೆ ಬಿಟ್ಟ. ಏಸಿ ರಿಪೇರಿಯವನು ಹೇಳಿದ ದಿನವೇ ಬಂದಿದ್ದರೆ ನನ್ನ ಮಗನ ಬಾಯಿ ತುಂಬ ಇವತ್ತು ಹಲ್ಲಿರುತ್ತಿತ್ತು.

ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬ ಕುವೈತಿ ತಾಯಿ ಫ್ಲಾಸ್ಕ್ ಇಟ್ಟುಕೊಂಡು ಕೂರುತ್ತಿದ್ದಳು. ಅವಳ ಮಗ ಬದರ್. ಅವಳಿಗೆ ಇಂಗ್ಲಿಷ್ ಬಾರದು, ನನಗೆ ಅರಬ್ಬಿಯಲ್ಲಿ ಯಲ್ಲಾ, ಖಲಾಸ್ ಬಿಟ್ಟು ಹೆಚ್ಚು ಬಾರದು, ಹಾಗಾಗಿ ನಮ್ಮಿಬ್ಬರಲ್ಲಿ ಒಂದು ದಿನವೂ ಮನಸ್ತಾಪ ಬರಲಿಲ್ಲ. ಅವಳು ಏಲಕ್ಕಿ ಹಾಕಿದ ಕಾವಾ ಕಾಫಿ ಕೊಡುತ್ತಿದ್ದಳು, ನಾನು ಚಕ್ಕುಲಿ ಕೊಡುತ್ತಿದ್ದೆ. ಮಕ್ಕಳಿಬ್ಬರನ್ನೂ ಕೋಚ್ ಡಿಫೆನ್ಸಿಗೆ ಹಾಕಿದ. ಅಂದಿನಿಂದ ಹತ್ತು ಹನ್ನೆರಡು ವರ್ಷ ಅವರು ಒಂದೇ ಜೋಡಿ, ಎಡಕ್ಕೆ ಬದರ್, ಬಲಕ್ಕೆ ನಮ್ಮವನು. ಅಭ್ಯಾಸ ಮುಗಿಸಿ ಬದರ್ ನಮ್ಮ ಮನೆಗೇ ಬರುತ್ತಿದ್ದ. ನನ್ನನ್ನು ಖಾಲ್ತಿ ಎನ್ನುತ್ತಿದ್ದ. ಚಿಕ್ಕಮ್ಮ ಎಂದರ್ಥ.

ಆ ಆಟದ ಸಾಮಾನಿನ ಚೀಲದ ನಾತದ ಬಗ್ಗೆ ಹೇಳದೆ ಮುಂದೆ ಹೋದರೆ ತಾಯಂದಿರಿಗೆ ಅನ್ಯಾಯವಾಗುತ್ತದೆ. ಎದೆಕವಚ, ಮೊಣಕಾಲಿನ ಕವಚ, ಕೈಗವಸು, ಎಲ್ಲವೂ ಬೆವರಿನಲ್ಲಿ ನೆನೆದು ಒಂದು ಚೀಲದಲ್ಲಿ ಸೇರಿ ಅರ್ಧ ಗಂಟೆ ಕಾರಿನ ಡಿಕ್ಕಿಯಲ್ಲಿ ಬೆಂದರೆ ಏನಾಗಬೇಕೋ ಅದಾಗುತ್ತಿತ್ತು. ಕಟ್ಟಡದ ಕಾವಲಿನ ಹಾರಿಸ್, ಪಾಪ, ಈಜಿಪ್ಟಿನ ಮುದುಕ, ಲಿಫ್ಟಿನಲ್ಲಿ ಏನೋ ಸತ್ತಿದೆ ಎಂದು ಎರಡು ಸಲ ಹುಡುಕಿಸಿದ್ದ. ಕುವೈತಿನ ಬಿಸಿಲಿನದೊಂದು ಉಪಕಾರ ಎಂದರೆ ಬಾಲ್ಕನಿಯಲ್ಲಿ ಹರವಿದ್ದೆಲ್ಲ ಗಳಿಗೆಯಲ್ಲಿ ಒಣಗುತ್ತಿತ್ತು. ಒಂದು ಕಡೆ ನನ್ನ ಸಂಡಿಗೆ, ಇನ್ನೊಂದು ಕಡೆ ಅವನ ಕವಚಗಳು. ಆ ವರ್ಷಗಳ ಸಂಡಿಗೆಗೆ ಏನೋ ವಿಶೇಷ ರುಚಿ ಇದೆ ಎಂದು ಮೈಸೂರಿನ ನಾದಿನಿ ಶಾರದಾ ಹೊಗಳಿದ್ದಳು. ಕಾರಣವನ್ನು ನಾನು ಹೇಳಲಿಲ್ಲ.

ಶಾರದಾ ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದುದು ಒಂದೇ: ಎಷ್ಟು ಗೋಲು ಹೊಡೆದ? ಅವನ ಕೆಲಸ ಗೋಲು ಹೊಡೆಯುವುದಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಹೊಡೆಯದಿದ್ದರೂ ಪರವಾಗಿಲ್ಲ, ಮುಂದಿನ ಸಲ ಹೊಡೀತಾನೆ ಬಿಡಿ ಅತ್ತಿಗೆ, ಎಂದು ನನಗೇ ಸಮಾಧಾನ ಹೇಳುತ್ತಿದ್ದಳು. ಅವಳನ್ನು ದೂರಿ ಪ್ರಯೋಜನವಿಲ್ಲ. ಇಲ್ಲಿಯ ನಮ್ಮ ಕನ್ನಡದ ಜನ ಒಂದು ರಾಜ್ಯೋತ್ಸವದಲ್ಲಿ, ತೊಂಬತ್ತೈದು ಅಂಕ ತೆಗೆದ ಮಕ್ಕಳೆಲ್ಲರ ಸನ್ಮಾನವಾದ ಮೇಲೆ, ಇವನನ್ನೂ ವೇದಿಕೆಗೆ ಕರೆದರು. ಹುಬ್ಬಿನ ಮೇಲೆ ಆಗಷ್ಟೇ ಹಾಕಿದ ಹೊಲಿಗೆ, ಅದರ ಮೇಲೆ ಮೈಸೂರು ಪೇಟ ಒತ್ತಿ ಕೂರಿಸಿದರು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಗೋಲುಗಳ ಸುರಿಮಳೆಗೈದ ನಮ್ಮ ಹೆಮ್ಮೆಯ ಕುವರ ಎಂದು ನಿರೂಪಕರು ಕೂಗಿದಾಗ ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಆ ಸೀಸನ್ನಿನಲ್ಲಿ ಅವನು ಒಂದು ಗೋಲೂ ಹೊಡೆದಿರಲಿಲ್ಲ. ಕಾರಿನಲ್ಲಿ ಬರುವಾಗ, ನಾನು ಸುಳ್ಳು ಹೇಳಿ ಬಹುಮಾನ ತಗೊಂಡ ಹಾಗಾಯಿತು ಎಂದು ಇಂಗ್ಲಿಷಿನಲ್ಲಿ ಗೊಣಗಿ ಹಣ್ಣಿನ ಬುಟ್ಟಿಯನ್ನು ಹಿಂದಿನ ಸೀಟಿಗೆ ತಳ್ಳಿದ. ಪೇಟ ಒತ್ತಿದ ಕಡೆ ಹೊಲಿಗೆ ಬಿಚ್ಚಿಕೊಂಡು ಮತ್ತೆ ಹಾಕಿಸಬೇಕಾಯಿತು.

ಈಗ ಕೆನಡಾದ ವಿಷಯಕ್ಕೆ ಬರುತ್ತೇನೆ. ಎಷ್ಟು ಹೊತ್ತು ತಪ್ಪಿಸಿಕೊಂಡರೂ ಅಲ್ಲಿಗೆ ಬರಲೇಬೇಕು.

ಗಲ್ಫಿನಲ್ಲಿರುವ ನಮ್ಮಂಥವರಿಗೆ ಒಂದು ಉಪಾಯ ತಿಳಿದಿದೆ. ಇಲ್ಲಿ ಎಷ್ಟೋ ಕಡೆ ಸಂಬಳ ಕೆಲಸಕ್ಕಲ್ಲ, ಪಾಸ್‌ಪೋರ್ಟಿಗೆ. ನಾನು ಕೆಲಸ ಮಾಡುವ ಖಾಸಗಿ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಮೂವರು ಒಂದೇ ಯಂತ್ರದ ಮುಂದೆ ಕೂತು ಒಂದೇ ರಕ್ತ ಪರೀಕ್ಷೆ ಮಾಡುತ್ತೇವೆ. ಮೂರು ಪಾಸ್‌ಪೋರ್ಟ್, ಮೂರು ಸಂಬಳ. ಆದ್ದರಿಂದ ಚುರುಕಾದವರು ಕೆನಡಾಕ್ಕೆ ಹೋಗುತ್ತಾರೆ, ನಾಲ್ಕಾರು ಚಳಿಗಾಲ ಹೇಗೋ ಕಳೆಯುತ್ತಾರೆ, ಅಲ್ಲಿಯ ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ಪೆಟ್ಟಿಗೆ ಕಟ್ಟಿ ಇಲ್ಲಿಗೇ ವಾಪಸ್ಸು ಬರುತ್ತಾರೆ. ನಮ್ಮ ಮೇಲಿನ ಮಹಡಿಯ ವಿಶ್ವನಾಥ್ ಹಾಗೆ ಮಾಡಿದರು. ಅದೇ ಕಂಪನಿ, ಅದೇ ಕುರ್ಚಿ. ಹೋಗುವಾಗ ವಿಶ್ವನಾಥ್ ಭಾಯಿ ಆಗಿದ್ದವರು ಬರುವಾಗ ಮಿಸ್ಟರ್ ವಿಶ್ವನಾಥ್ ಆಗಿದ್ದರು. ಈಗ ದುಡ್ಡಿದ್ದವರ ಬಡಾವಣೆ ಸಲ್ವಾದ ಒಂದು ವಿಲ್ಲಾದಲ್ಲಿದ್ದಾರೆ.

ಸುಹಾಸನಿಗೆ ಹದಿನಾಲ್ಕಾದಾಗ ನಮಗೂ ಕೆನಡಾದಿಂದ ಒಪ್ಪಿಗೆ ಬಂತು. ನಾನು ಉಣ್ಣೆ ಕಾಲುಚೀಲ ಸಹ ಕೊಂಡೆ. ಹುಡುಗ ಹಠ ಹಿಡಿದ. ಅಲ್ಲಿ ಬದರ್ ಇಲ್ಲ, ನನ್ನ ಟೀಮು ಇಲ್ಲಿದೆ, ಇದು ನನ್ನ ಊರು, ನಾನ್ಯಾಕೆ ಬರಬೇಕು ಎಂದು ಊಟ ಬಿಟ್ಟು ಕೂತ. ಬೈದೆವು, ಪುಸಲಾಯಿಸಿದೆವು. ಕೊನೆಗೆ ನಮ್ಮವರು, ಮಗು ಇಲ್ಲಿ ಚೆನ್ನಾಗಿ ಆಡುತ್ತಿದೆ, ಅಲ್ಲಿಗೆ ಹೋಗಿ ಆಟ ಹಾಳಾಗುವುದು ಬೇಡ ಎಂದರು. ನಾನೂ ತಲೆಯಾಡಿಸಿದೆ. ಕೆನಡಾದಲ್ಲಿ ಈ ಆಟ ಬೀದಿಬೀದಿಯಲ್ಲಿ ಇದೆಯೆಂದು, ಅಲ್ಲಿ ಮಕ್ಕಳು ನಡೆಯುವ ಮೊದಲೇ ಜಾರುತ್ತಾರೆಂದು ಮೂವರಿಗೂ ಚೆನ್ನಾಗಿ ಗೊತ್ತಿತ್ತು. ಐಸ್ ಹಾಕಿ ಆಡುವುದಕ್ಕೋಸ್ಕರ ಕೆನಡಾ ಬಿಟ್ಟು ಮರುಭೂಮಿಯಲ್ಲಿ ಉಳಿದ ಕುಟುಂಬ ಭೂಮಿಯ ಮೇಲೆ ನಮ್ಮದೊಂದೇ ಇರಬೇಕು. ಈ ಮಾತನ್ನು ನಾನು ಪಾರ್ಟಿಗಳಲ್ಲಿ ತಮಾಷೆಯಾಗಿ ಹೇಳುತ್ತಿದ್ದೆ. ಈಗ ಹೇಳುವುದು ಬಿಟ್ಟಿದ್ದೇನೆ.

ಹದಿನೆಂಟಕ್ಕೆ ದೇಶದ ತಂಡಕ್ಕೆ ಹುಡುಗರನ್ನು ಆರಿಸಿದರು. ಬದರ್ ಆಯ್ಕೆಯಾದ. ಸುಹಾಸನ ಹೆಸರು ಬರುವ ಪ್ರಶ್ನೆಯೇ ಇರಲಿಲ್ಲ. ದೇಶಕ್ಕೆ ಆಡುವವನು ಆ ದೇಶದ ಪ್ರಜೆಯಾಗಿರಬೇಕು, ಅದು ಎಲ್ಲ ಕಡೆಯ ನಿಯಮ, ತಕರಾರಿಲ್ಲ. ಫರ್ವಾನಿಯಾದ ಆಸ್ಪತ್ರೆಯಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ಇಲ್ಲಿಯ ಪ್ರಜೆಯಾಗುವುದಿಲ್ಲ ಎಂದು ನಮಗೆ ಗೊತ್ತಿತ್ತು, ಮಗನಿಗೆ ಮಾತ್ರ ಅದು ಅರ್ಥವಾಗಿರಲಿಲ್ಲ. ಅಭ್ಯಾಸಕ್ಕೆ ಎದುರಾಳಿ ಬೇಕಲ್ಲ, ಅದಕ್ಕೆ ಅವನನ್ನು ಕರೆಯುತ್ತಿದ್ದರು. ಅವನು ಹೋಗುತ್ತಿದ್ದ. ಒಂದು ಚಳಿಗಾಲ ಭಾರತದ ತಂಡಕ್ಕೆಂದು ಲಡಾಖಿನ ಶಿಬಿರಕ್ಕೂ ಕಳಿಸಿದೆವು. ಅಲ್ಲಿಯ ಹುಡುಗರು ಹೆಪ್ಪುಗಟ್ಟಿದ ಕೆರೆಯ ಮೇಲೆ ಆಡಿ ಬೆಳೆದವರು, ಆ ಎತ್ತರದಲ್ಲಿ ಇವನಿಗೆ ಉಸಿರೇ ಹತ್ತಲಿಲ್ಲ. ಅವರು ಇವನಿಗೆ ಬೆಣ್ಣೆ ಹಾಕಿದ ಚಹಾ ಕುಡಿಸಿ, ಕುವೈತ್ ಎಂದು ಅಡ್ಡಹೆಸರಿಟ್ಟು, ಪ್ರೀತಿಯಿಂದ ವಿಮಾನ ಹತ್ತಿಸಿದರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ.

ಗಂಡುಮಗ ಪ್ರಾಯಕ್ಕೆ ಬಂದ ಮೇಲೆ ತಂದೆಯ ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಇಲ್ಲಿ ಇರುವಂತಿಲ್ಲ. ಇಪ್ಪತ್ತೊಂದಾದಾಗ ಅವನು ಹೊರಡಬೇಕಾಯಿತು. ಯುರೋಪಿನ ಕೆಳದರ್ಜೆಯ ಲೀಗುಗಳು ಇವೆಯಲ್ಲ, ಯಾವ ಪ್ರವಾಸಿಯೂ ಹೋಗದ ಊರುಗಳು, ಅಲ್ಲೊಂದು ತಂಡ ಅವನನ್ನು ತೆಗೆದುಕೊಂಡಿತು. ಬ್ರೆಡ್ ಅಂಗಡಿಯ ಮೇಲೊಂದು ಕೋಣೆ, ವರ್ಷಕ್ಕೆ ಎಂಟು ತಿಂಗಳ ಸಂಬಳ. ಅಲ್ಲಿಂದ ಇನ್ನೊಂದು ಊರು, ಇನ್ನೊಂದು ದೇಶ. ನಾನು ಅವನ ಪಂದ್ಯಗಳನ್ನು ಫೋನಿನಲ್ಲಿ ನೋಡುತ್ತಿದ್ದೆ. ಚಿತ್ರ ಎಷ್ಟು ಚಿಕ್ಕದೆಂದರೆ ಬಿಲ್ಲೆ ಕಾಣುವುದೇ ಇಲ್ಲ. ಅವನು ಬಿದ್ದರೆ ಮಾತ್ರ ಕಾಣುತ್ತದೆ. ಬಿದ್ದಾಗ ಹೆಬ್ಬೆರಳಿನಿಂದ ಪರದೆ ಮುಚ್ಚಿ, ಅವನು ಎದ್ದ ಎಂದು ನಮ್ಮವರು ಹೇಳಿದ ಮೇಲೆ ತೆಗೆಯುತ್ತಿದ್ದೆ. ಬೇಸಿಗೆಯಲ್ಲಿ ವಿಸಿಟ್ ವೀಸಾ ಸಿಕ್ಕ ವರ್ಷ ಮನೆಗೆ ಬರುತ್ತಿದ್ದ, ಸಿಗದ ವರ್ಷ ದುಬೈನಲ್ಲೋ ಮೈಸೂರಿನಲ್ಲೋ ಸೇರುತ್ತಿದ್ದೆವು. ಮೈಸೂರಿನಲ್ಲಿ ಅವನು ಸೊಳ್ಳೆ ಹೊಡೆದುಕೊಂಡು, ಮನೆಗೆ ಯಾವಾಗ ಹೋಗೋಣ ಎಂದು ಕೇಳುತ್ತಿದ್ದ. ಮನೆ ಎಂದರೆ ಅವನಿಗೆ ಇದು. ಹುಟ್ಟಿದ ಊರಿಗೆ ಅತಿಥಿಯ ವೀಸಾದಲ್ಲಿ ಬಂದು, ಇಳಿದ ಕೂಡಲೇ ರಿಂಕಿನ ಹತ್ತಿರದ ಅಂಗಡಿಯ ಶವರ್ಮಾ ತಿಂದು, ಆಮೇಲೆ ನನ್ನ ಮುಖ ನೋಡುತ್ತಿದ್ದ.

ಈ ವರ್ಷ ಅವನ ಸೊಂಟದ ಕೀಲು ಕೈಕೊಟ್ಟಿತು. ತಂಡ ಒಪ್ಪಂದ ಮುಂದುವರಿಸಲಿಲ್ಲ. ಮೂವತ್ತೆರಡಕ್ಕೆ ನಿವೃತ್ತ. ಅದೇ ಹೊತ್ತಿಗೆ ನಮ್ಮವರ ಕಂಪನಿಯೂ ಮುಂದಿನ ಜೂನ್‌ವರೆಗೆ ಸಾಕು ಎಂದಿತು. ಕೆಲಸ ಹೋದರೆ ಇಕಾಮಾ ಹೋಗುತ್ತದೆ, ಇಕಾಮಾ ಹೋದರೆ ನಾವು ಹೋಗುತ್ತೇವೆ. ನನ್ನ ಲ್ಯಾಬಿನ ಕೆಲಸದ ಮೇಲೆ ಗಂಡನನ್ನು ಇಲ್ಲಿ ಉಳಿಸಿಕೊಳ್ಳುವಂತಿಲ್ಲ. ಮೈಸೂರಿನಲ್ಲಿ ಒಂದು ಫ್ಲಾಟ್ ಇದೆ, ನಮಗಿಬ್ಬರಿಗೆ ಸಾಕು. ಮಗನಿಗೆ? ಅವನು ಅಲ್ಲಿ ಬಂದು ಏನು ಮಾಡಬೇಕು? ಈ ಮನೆ ಮುಚ್ಚಿದರೆ ಕುವೈತಿಗೆ ಬರಲು ಅವನಿಗೆ ಒಂದು ನೆಪವೂ ಉಳಿಯುವುದಿಲ್ಲ.

ಆಗಲೇ ರಿಂಕಿನಲ್ಲಿ ಮಕ್ಕಳಿಗೆ ಕಲಿಸುವ ಖಾಸಗಿ ಕ್ಲಬ್ಬೊಂದಕ್ಕೆ ಮುಖ್ಯ ಕೋಚ್ ಬೇಕೆಂದು ತಿಳಿಯಿತು. ಅದರ ಮ್ಯಾನೇಜರ್ ಈಗ ಬದರ್. ನಾನು ನಂಬಿಯೇ ಬಿಟ್ಟೆ. ಸುಹಾಸನಿಗೆ ಅವನದೇ ಇಕಾಮಾ ಬರುತ್ತದೆ, ನಾವು ಹೋದರೂ ಅವನು ಅವನ ಊರಿನಲ್ಲಿ ಇರುತ್ತಾನೆ ಎಂದು ಲೆಕ್ಕ ಹಾಕಿದೆ. ಈ ಅಡುಗೆ ಪಾತ್ರೆಗಳನ್ನು ಯಾರಿಗೂ ಕೊಡಬೇಡಿ, ಅವನಿಗೆ ಬೇಕಾಗುತ್ತವೆ ಎಂದು ನಮ್ಮವರಿಗೆ ತಾಕೀತು ಮಾಡಿದೆ. ಸುಹಾಸ ವಿಸಿಟ್ ವೀಸಾದಲ್ಲಿ ಬಂದ. ಕುಂಟುತ್ತಲೇ ಎರಡು ವಾರ ಆ ಮಕ್ಕಳಿಗೆ ಪುಕ್ಕಟೆ ಪಾಠ ಹೇಳಿದ. ನಾನು ಒಂದು ದಿನ ಹಳೆಯ ಬೆಂಚಿನ ಮೇಲೆ ಹೋಗಿ ಕೂತೆ. ಮಕ್ಕಳಿಗೆ ಅವನು ಅರಬ್ಬಿಯಲ್ಲೇ ಹೇಳುತ್ತಿದ್ದ, ನನ್ನೊಡನೆ ಕನ್ನಡದಲ್ಲಿ ಎಂದೂ ಬಾರದ ಸರಾಗದಲ್ಲಿ.

ಕಳೆದ ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಬದರ್ ಊಟಕ್ಕೆ ಬಂದ. ಒಂದು ತಟ್ಟೆ ಕುನಾಫಾ ಸಿಹಿ ತಂದಿದ್ದ. ಬಿಸಿಬೇಳೆಬಾತ್ ಮಾಡಿದ್ದೆ, ಅವನಿಗೆ ಇಷ್ಟವೆಂದು. ಊಟಕ್ಕೆ ಕೂತು ನಮ್ಮವರ ಸಕ್ಕರೆ ಕಾಯಿಲೆ ಕೇಳಿದ, ಅವನ ತಾಯಿಯ ಮೊಣಕಾಲಿನ ಬಗ್ಗೆ ಹೇಳಿದ, ರಸ್ತೆ ಅಗೆದದ್ದನ್ನು ಬೈದ. ಸುಹಾಸ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವನಿಗೆ ಮೊದಲೇ ತಿಳಿದಿತ್ತೆಂದು ನನಗೆ ಆಗ ಹೊಳೆಯಿತು. ಕೊನೆಗೆ ಬದರ್ ಚಮಚ ಕೆಳಗಿಟ್ಟು, ಕೆನಡಾದಿಂದ ಒಬ್ಬರನ್ನು ತೆಗೆದುಕೊಂಡಿದ್ದೇವೆ ಎಂದ. ಫೀಸು ಕೊಡುವ ತಂದೆತಾಯಿಗಳು ಕೋಚ್ ಎಲ್ಲಿಯವನು ಎಂದೇ ಮೊದಲು ಕೇಳುತ್ತಾರಂತೆ. ಬಂದವನು ಸುಹಾಸನಷ್ಟು ಆಡಿದವನೂ ಅಲ್ಲವಂತೆ, ಕಾಲೇಜಿನಲ್ಲಿ ಒಂದಿಷ್ಟು ಆಡಿದ್ದಾನಂತೆ. ಕಮಿಟಿಯ ಮುಂದೆ ತಾನು ಬಹಳ ವಾದಿಸಿದೆ ಎಂದ. ಆಮೇಲೆ ನನ್ನ ಕಡೆ ತಿರುಗಿದ.

"ಅವನು ಇಲ್ಲಿಯವನೇ ಅಂತ ಹೇಳಿದೆ ಖಾಲ್ತಿ. ಅವರು ನಕ್ಕರು."

ನಮ್ಮವರು ತಟ್ಟೆಯಲ್ಲಿ ಬೂಂದಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತಿದ್ದರು. ನನ್ನ ಮೈಯೆಲ್ಲ ಉರಿಯಿತು. ನೀನು ಅಲ್ಲಿ ಏನು ಮಾಡಿದೆ, ನೀನೂ ನಕ್ಕೆಯಾ ಎಂದು ಕೇಳಬೇಕಿತ್ತು. ನಿನಗೋಸ್ಕರ ನನ್ನ ಮಗ ಒಂದು ದೇಶವನ್ನೇ ಬಿಟ್ಟ, ನೀನು ಅವನಿಗೋಸ್ಕರ ಒಂದು ಕುರ್ಚಿ ಬಿಟ್ಟು ಎದ್ದು ಬರಲಾರದೆ ಹೋದೆಯಾ ಎಂದು ಕೇಳಬೇಕಿತ್ತು. ಇಂಗ್ಲಿಷಿನಲ್ಲಿ ಮನಸ್ಸಿನಲ್ಲೇ ವಾಕ್ಯ ಕಟ್ಟಿ, ಸೌಟು ಕೈಯಲ್ಲಿ ಹಿಡಿದೇ ಬಾಯಿ ತೆರೆದೆ.

ಸುಹಾಸ ತಲೆ ಎತ್ತಿದ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವನು, ಪದ ಪದ ಹುಡುಕಿ ಜೋಡಿಸಿ, ಗೆಳೆಯನಿಗೆ ತಿಳಿಯದ ಹಾಗೆ, ಕನ್ನಡದಲ್ಲಿ ಹೇಳಿದ.

"ಬಿಡಮ್ಮ. ಏನೂ ಅನ್ಬೇಡ. ನೀವು ಹೋದ್ಮೇಲೆ ಇಲ್ಲಿ ನಂಗೆ ಇರೋದು ಅವನೊಬ್ಬನೇ."

ಬದರ್ ನಮ್ಮಿಬ್ಬರ ಮುಖವನ್ನೂ ನೋಡಿದ. ಏನು ಹೇಳಿದ ಎಂದು ನನ್ನನ್ನು ಕೇಳಿದ.

"ನಿನಗೆ ಇನ್ನೂ ಸ್ವಲ್ಪ ಬಡಿಸಬೇಕಂತೆ" ಎಂದೆ.

ಬಡಿಸಿದೆ. ಮೇಲೆ ತುಪ್ಪವನ್ನೂ ಹಾಕಿದೆ. ಹಾಕುವಾಗಲೂ ಅವನ ಮೇಲೆ ಸಿಟ್ಟಿತ್ತು, ಇದನ್ನು ಬರೆಯುವಾಗಲೂ ಇದೆ. ಆದರೂ ಅವನು ಸಾಕು ಖಾಲ್ತಿ, ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿಯುವವರೆಗೂ ಬಡಿಸುತ್ತಲೇ ಇದ್ದೆ.